ಮನೆಯಲ್ಲೇ ಮಾಡಿದ ಗಾಳಿಯಂತ್ರ ಕೈಕೊಟ್ಟರೆ: ಕಂಬ ಇಳಿಸುವ ಮುನ್ನ ನೋಡಬೇಕಾದ್ದು

ಮೊದಲ ಸಲ ನನ್ನ ಫ್ಯಾನು ನಿಂತಾಗ ಸೀದಾ ಟ್ರ್ಯಾಕ್ಟರ್ ತರಿಸಿದೆ. ಅಕ್ಕಪಕ್ಕದ ಹೊಲದ ನಾಲ್ವರನ್ನು ಕರೆದೆ. ಅರ್ಧ ದಿನ ಹಗ್ಗ ಹಿಡಿದು, ಹನ್ನೆರಡು ಮೀಟರ್ ಕಂಬವನ್ನು ನೆಲಕ್ಕೆ ಮಲಗಿಸಿದೆವು. ಹಬ್ ಬಿಚ್ಚಿ ಬೇರಿಂಗ್‌ಗೆ ಗ್ರೀಸ್ ತುಂಬಿದೆ, ರೆಕ್ಕೆ ಒರೆಸಿದೆ, ಮತ್ತೆ ಎಬ್ಬಿಸಿದೆವು. ಫ್ಯಾನು ಜಪ್ಪಯ್ಯ ಅನ್ನಲಿಲ್ಲ. ಎಲ್ಲರೂ ಕೂತು ಚಹಾ ಕುಡಿಯುವಾಗ ಪಕ್ಕದ ಹೊಲದ ಅಜ್ಜ ಗೋಡೆ ಕಡೆ ನೋಡಿ, "ತಮ್ಮಾ, ಈ ಸ್ವಿಚ್ಚು ಯಾಕ ಕೆಳಗ ಐತಿ?" ಅಂದರು. ಅದು ಬ್ರೇಕ್ ಸ್ವಿಚ್. ಹಿಂದಿನ ವಾರ ನಾನೇ ಹಾಕಿ ಮರೆತಿದ್ದೆ.

ಆಮೇಲಿನ ವರ್ಷಗಳಲ್ಲಿ ಕಂಬ ಇಳಿಸುವ ಪ್ರಸಂಗ ಕೆಲವು ಸಲ ಮಾತ್ರ ಬಂತು. ಉಳಿದ ತಕರಾರೆಲ್ಲ ಕಂಬದ ಬುಡದಿಂದ ಬ್ಯಾಟರಿ ಕೋಣೆಯವರೆಗಿನ ದಾರಿಯಲ್ಲೇ ಸಿಕ್ಕವು. ಹಾಗಾಗಿ ಈ ಬರಹದ ಕ್ರಮವೂ ಅದೇ: ಮೊದಲು ಕಣ್ಣು, ಕಿವಿ, ಆಮೇಲೆ ಮಲ್ಟಿಮೀಟರ್, ಕೊನೆಗೆ ಹಗ್ಗ.

ನಾನು ಹೇಳುತ್ತಿರುವುದು ಸ್ಕಾಟ್ಲೆಂಡಿನ ಸ್ಕೋರೇಗ್‌ನಲ್ಲಿದ್ದುಕೊಂಡು ಹ್ಯೂ ಪಿಗಟ್ ರೂಪಿಸಿದ ನಮೂನೆಯ ಬಗ್ಗೆ. ಮನೆಯಲ್ಲಿ ಗಾಳಿಯಂತ್ರ ಮಾಡುವವರಲ್ಲಿ ತುಂಬಾ ಮಂದಿ ಕಟ್ಟುವುದು ಇದನ್ನೇ. ಎರಡು ಉಕ್ಕಿನ ತಟ್ಟೆ, ಅವಕ್ಕೆ ಅಂಟಿಸಿದ ನಿಯೋಡೈಮಿಯಂ ಮ್ಯಾಗ್ನೆಟ್, ನಡುವೆ ರೆಸಿನ್‌ನಲ್ಲಿ ಎರಕ ಹೊಯ್ದ ತಾಮ್ರದ ಕಾಯಿಲ್‌ಗಳು. ಅದಕ್ಕೆ ಸ್ಟೇಟರ್ ಅಂತ ಹೆಸರು. ಮರದ ಮೂರು ರೆಕ್ಕೆ, ಹಿಂದೆ ಮಡಚುವ ಬಾಲ. ನನ್ನದು 2.4 ಮೀಟರ್ ವ್ಯಾಸದ್ದು, 24 ವೋಲ್ಟ್. ಮೇಲಿನಿಂದ ಮೂರು ತಂತಿಯಲ್ಲಿ ಎಸಿ ಬರುತ್ತದೆ. ಕಂಬದ ಬುಡದಲ್ಲಿ ಬ್ರಿಡ್ಜ್ ರೆಕ್ಟಿಫೈಯರ್ ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತದೆ. ನಿಮ್ಮದು 12 ಅಥವಾ 48 ವೋಲ್ಟ್ ಆದರೆ ಯಂತ್ರದ ವೋಲ್ಟ್ ಅಂಕಿಗಳನ್ನು ಅದಕ್ಕೆ ತಕ್ಕಂತೆ ಅರ್ಧ ಅಥವಾ ದುಪ್ಪಟ್ಟು ಮಾಡಿಕೊಳ್ಳಿ.

ಕೈ ಹಾಕುವ ಮುನ್ನ

ಗಾಳಿ ಬೀಸುತ್ತಿರುವಾಗ ಬ್ಯಾಟರಿ ತಂತಿ ಬಿಚ್ಚಬೇಡಿ. ಈ ಒಂದು ಮಾತು ಮರೆತರೆ ಮಿಕ್ಕಿದ್ದೆಲ್ಲ ಓದಿ ಪ್ರಯೋಜನವಿಲ್ಲ. ಫ್ಯಾನನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದೇ ಬ್ಯಾಟರಿಯ ಭಾರ. ಅದು ತಪ್ಪಿತೋ, ರೆಕ್ಕೆ ಹುಚ್ಚೆದ್ದು ತಿರುಗುತ್ತದೆ. 24 ವೋಲ್ಟಿನ ಯಂತ್ರವೇ 90 ವೋಲ್ಟಿಗೂ ಹೋಗಬಹುದು. ಅಷ್ಟು ಡಿಸಿ ಮೈಗೆ ತಗುಲಿದರೆ ತಮಾಷೆಯಲ್ಲ.

ಮೊದಲು ಬ್ರೇಕ್ ಸ್ವಿಚ್ ಹಾಕಿ. ಅದು ಮೂರೂ ಎಸಿ ತಂತಿಗಳನ್ನು ಒಂದಕ್ಕೊಂದು ಶಾರ್ಟ್ ಮಾಡುತ್ತದೆ. ಆಗ ಫ್ಯಾನು ಕೆಸರಲ್ಲಿ ಸಿಕ್ಕ ಚಕ್ರದ ಹಾಗೆ ನಿಲ್ಲುತ್ತದೆ. ಇದನ್ನು ಗಾಳಿ ತಗ್ಗಿದಾಗ ಮಾತ್ರ ಹಾಕಬೇಕು, ಬಿರುಗಾಳಿಯಲ್ಲಿ ಹಾಕಿದರೆ ಕಾಯಿಲ್ ಸುಡಬಹುದು. ಫ್ಯಾನು ನಿಂತ ಮೇಲೆ ಬ್ಯಾಟರಿಯ ಫ್ಯೂಸ್ ತೆಗೆಯಿರಿ. ಆಮೇಲೆ ಬೇರೆ ಕೆಲಸ.

ಬ್ರೇಕ್ ಇರಬೇಕಾದ್ದು ರೆಕ್ಟಿಫೈಯರ್‌ಗಿಂತ ಮುಂಚೆ, ಎಸಿ ಕಡೆಯಲ್ಲಿ. ಡಿಸಿ ಕಡೆ ಶಾರ್ಟ್ ಮಾಡಿದರೆ ಶಾರ್ಟ್ ಆಗುವುದು ಬ್ಯಾಟರಿ. ಕೈಯಲ್ಲಿರುವ ಸ್ಪ್ಯಾನರ್ ಕೆಂಪಗೆ ಕಾದೀತು. ಬ್ಯಾಟರಿ ಕೋಣೆಯಲ್ಲಿ ಬೀಡಿ, ಊದುಬತ್ತಿ ಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಸಿಡಿಲು ಮೋಡ ಕಂಡರೆ ಕಂಬದ ಹತ್ತಿರವೇ ಸುಳಿಯಬೇಡಿ.

ಗುಡ್ಡದ ಮೇಲಿನದು ತಿರುಗುತ್ತಿದೆ, ನಮ್ಮದು ನಿಂತಿದೆ

ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡದ ಕಡೆಯವರಿಗೆ ಈ ಅನುಮಾನ ಬಂದೇ ಬರುತ್ತದೆ. ಆದರೆ ಆ ಫ್ಯಾನುಗಳು ಗುಡ್ಡದ ನೆತ್ತಿಯ ಮೇಲಿವೆ, ಕಂಬವೂ ಹತ್ತಾರು ಮೀಟರ್ ಎತ್ತರ. ನಮ್ಮದು ಬೇವಿನ ಮರಕ್ಕಿಂತ ಸ್ವಲ್ಪ ಮೇಲೆ. ಅಲ್ಲಿರುವ ಗಾಳಿ ಇಲ್ಲಿ ಇರುವುದಿಲ್ಲ. ಮೊದಲು ನಿಮ್ಮ ಹೊಲದ ಗಾಳಿಯನ್ನೇ ನೋಡಿ. ಎಲೆ ಮಾತ್ರ ಸರಸರ ಅಂದರೆ ಸೆಕೆಂಡಿಗೆ 2-3 ಮೀಟರ್. ಅದಕ್ಕೆ ಫ್ಯಾನು ಏಳದಿದ್ದರೆ ತಪ್ಪಲ್ಲ. ಧೂಳೆದ್ದು, ಸಣ್ಣ ಕೊಂಬೆ ಅಲುಗುತ್ತಿದ್ದರೆ 6-7 ಮೀಟರ್. ಆಗಲೂ ನಿಂತಿದ್ದರೆ ಏನೋ ಆಗಿದೆ ಅಂತ ಲೆಕ್ಕ.

ಬ್ರೇಕ್ ಸ್ವಿಚ್ ನೋಡಿ. (ನನ್ನ ಕಥೆ ಮೇಲೆ ಓದಿದಿರಲ್ಲ.)

ಅದು ಸರಿ ಇದ್ದರೆ, ರೆಕ್ಕೆ ಹೇಗೆ ನಿಂತಿದೆ ಗಮನಿಸಿ. ಗಾಳಿಗೆ ಮುಖ ಮಾಡಿ, ಒದ್ದಾಡುತ್ತಾ ನಿಧಾನವಾಗಿ ಸುತ್ತುತ್ತಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಯಾರೂ ಹಾಕದೇ ಬ್ರೇಕ್ ಬಿದ್ದಂತೆ ಅದು. ಗಾಳಿ ತಗ್ಗಿದಾಗ ಬ್ರೇಕ್ ಹಾಕಿ, ಫ್ಯೂಸ್ ತೆಗೆದು, ಬುಡದಲ್ಲಿ ಮೂರೂ ಎಸಿ ತಂತಿಗಳನ್ನು ರೆಕ್ಟಿಫೈಯರ್‌ನಿಂದ ಬಿಡಿಸಿ, ತುದಿಗಳನ್ನು ಒಂದಕ್ಕೊಂದು ತಾಕದಂತೆ ಇಡಿ. ಈಗ ಬ್ರೇಕ್ ತೆಗೆದು ಎರಡು ನಿಮಿಷ ನೋಡಿ. ಹಗುರಾಗಿ ಓಡಿದರೆ ಮೇಲೆ ಎಲ್ಲಾ ಕ್ಷೇಮ, ಕಳ್ಳ ರೆಕ್ಟಿಫೈಯರ್‌ನಲ್ಲಿದ್ದಾನೆ. ನೋಡಿದ ಕೂಡಲೇ ಮತ್ತೆ ಬ್ರೇಕ್ ಹಾಕಿ. ಎಲೆ ಅಲುಗುವಷ್ಟು ಗಾಳಿಯಲ್ಲಿ ಮಾತ್ರ ಈ ಪರೀಕ್ಷೆ.

ರೆಕ್ಟಿಫೈಯರ್ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಆರು ಡಯೋಡ್ ಇರುತ್ತವೆ. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಒಂದು ಕಡೆಯಿಂದ ಹಿಡಿದರೆ 0.4ರಿಂದ 0.7 ತೋರಿಸಬೇಕು, ತಿರುಗಿಸಿ ಹಿಡಿದರೆ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆಯ ಹತ್ತಿರ ಬಂದರೆ ಆ ಡಯೋಡ್ ಸತ್ತಿದೆ. ಹೊಸ ಬ್ರಿಡ್ಜ್ ಹಾಕುವಾಗ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗೆ ಬಿಗಿದು, ನಡುವೆ ಥರ್ಮಲ್ ಪೇಸ್ಟ್ ಹಚ್ಚಿ. ಪೇಸ್ಟ್ ಇಲ್ಲದೆ ಕೂರಿಸಿದ್ದಕ್ಕೇ ನನ್ನ ಮೊದಲನೇದು ಸತ್ತದ್ದು.

ಮೂರೂ ತಂತಿ ಬಿಡಿಸಿದ ಮೇಲೂ ಒದ್ದಾಡುತ್ತಿದ್ದರೆ ಕಂಬದೊಳಗಿನ ಕೇಬಲ್ ಮೇಲೆ ಕಣ್ಣಿಡಿ. ಗಾಳಿ ದಿಕ್ಕು ಬದಲಾದಂತೆ ತಲೆ ತಿರುಗುತ್ತದೆ, ಕೇಬಲ್ ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ. ಬುಡದಲ್ಲಿ ಬಿಡಿಸಿದರೆ ತಂತಾನೇ ಗಿರಗಿರ ಬಿಚ್ಚಿಕೊಂಡರೆ, ತುಂಬಾ ದಿನ ನೋಡಿಲ್ಲ ಅಂತ ಅರ್ಥ. ನಾನು ಮೂರು ತಿಂಗಳಿಗೊಮ್ಮೆ ಬಿಡಿಸಿ ಸಡಿಲ ಮಾಡುತ್ತೇನೆ. ಹೊಸೆದು ಹೊಸೆದು ತಂತಿಯ ಸಿಪ್ಪೆ ಹರಿದು ಒಳಗೇ ಶಾರ್ಟ್ ಆಗಿದ್ದರೆ ಮಾತ್ರ ಕಂಬ ಇಳಿಸುವುದು ಅನಿವಾರ್ಯ.

ತಿರುಗುತ್ತದೆ, ಆದರೆ ಆಂಪ್ಸ್ ಸೊನ್ನೆ

ನಿಧಾನಕ್ಕೆ ತಿರುಗುತ್ತಿದ್ದರೆ ದೋಷವೇ ಇಲ್ಲದಿರಬಹುದು. ಬ್ಯಾಟರಿಗಿಂತ ಜಾಸ್ತಿ ವೋಲ್ಟೇಜ್ ಹುಟ್ಟುವವರೆಗೆ ಒಂದು ಆಂಪ್ ಕೂಡ ಒಳಗೆ ಹೋಗುವುದಿಲ್ಲ. ನನ್ನ ಯಂತ್ರಕ್ಕೆ ಅದು ನಿಮಿಷಕ್ಕೆ ಸುಮಾರು 160 ಸುತ್ತು. ರೆಕ್ಕೆಗಳನ್ನು ಬೇರೆ ಬೇರೆಯಾಗಿ ಎಣಿಸಲು ಆಗುತ್ತಿದ್ದರೆ ಇನ್ನೂ ಅಷ್ಟು ವೇಗ ಬಂದಿಲ್ಲ ಅನ್ನಿ.

ಜೋರಾಗಿ, ಹಗುರಾಗಿ ತಿರುಗುತ್ತಿದೆ, ಆದರೂ ಆಂಪ್ಸ್ ಇಲ್ಲವೆಂದರೆ ಅದು ಬೇರೆ ಮಾತು. ದಾರಿ ಎಲ್ಲೋ ಕಡಿದಿದೆ, ಫ್ಯಾನಿಗೆ ಭಾರವೇ ಇಲ್ಲ. ಇದು ಅವಸರದ ವಿಷಯ. ಗಾಳಿ ತಗ್ಗಿದ ಕೂಡಲೇ ಬ್ರೇಕ್ ಹಾಕಿ, ಆಮೇಲೆ ಹುಡುಕಿ. ಮೊದಲು ಫ್ಯೂಸ್. ನಂತರ ಬ್ಯಾಟರಿ ಟರ್ಮಿನಲ್. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ಉಜ್ಜಿ, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಿ. ನಂತರ ತಂತಿಯ ತುದಿಗೆ ಅದುಮಿ ಕೂರಿಸಿದ ಲಗ್‌ಗಳನ್ನು ಒಂದೊಂದಾಗಿ ಹಿಡಿದು ಎಳೆಯಿರಿ. ಸರಿಯಾಗಿ ಕ್ರಿಂಪ್ ಮಾಡದ ಲಗ್ ಕೈಗೇ ಬರುತ್ತದೆ.

ಇಷ್ಟರಲ್ಲಿ ಸಿಗಲಿಲ್ಲ ಅಂದರೆ ಮೂರು ತಂತಿಯನ್ನು ಕೇಳಬೇಕು. ಮೊದಲಿನ ಹಾಗೆ ಬಿಡಿಸಿ, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಸಣ್ಣ ಗಾಳಿಯಲ್ಲಿ ಮೊದಲ-ಎರಡನೇ, ಎರಡನೇ-ಮೂರನೇ, ಮೂರನೇ-ಮೊದಲ ತಂತಿಗಳ ನಡುವೆ ಅಳೆಯಿರಿ. 160 ಸುತ್ತಿಗೆ ಸುಮಾರು 18 ವೋಲ್ಟ್ ಬರುತ್ತದೆ. ಗಾಳಿ ಏರಿಳಿದಂತೆ ಅಂಕಿಯೂ ಕುಣಿಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಮೂರೂ ಹೆಚ್ಚುಕಮ್ಮಿ ಒಂದೇ ಇದ್ದರೆ ಸಾಕು, ಮೇಲಿನದೆಲ್ಲ ಚೆನ್ನಾಗಿದೆ. ಒಂದು ಜೋಡಿಯಲ್ಲಿ ಮಾತ್ರ ಬಂದು ಉಳಿದೆರಡರಲ್ಲಿ ಸೊನ್ನೆಯಾದರೆ, ಆ ಎರಡಕ್ಕೂ ಸೇರಿದ ತಂತಿ ಮೇಲೆಲ್ಲೋ ತುಂಡಾಗಿದೆ. ಮೂರರಲ್ಲೂ ಸೊನ್ನೆ ಬರುವುದು ಅಪರೂಪ. ಬಂದರೆ ಮೀಟರಿನ ಸೆಲ್ ನೋಡಿ, ಸುಮ್ನೆ ಹೇಳುತ್ತಿಲ್ಲ.

ಮೊದಲಿನಷ್ಟು ಬರುತ್ತಿಲ್ಲ

ಯಾವ ತಿಂಗಳು ಅಂತ ಕ್ಯಾಲೆಂಡರ್ ನೋಡಿ. ನಮ್ಮ ಕಡೆ ಒಳ್ಳೆ ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಷಾಢದಲ್ಲಿ ರಾತ್ರಿಯಿಡೀ ಆಂಪ್ಸ್ ಬರುತ್ತದೆ, ದೀಪಾವಳಿ ಕಳೆದ ಮೇಲೆ ಫ್ಯಾನು ಆಕಳಿಸುತ್ತದೆ. ಗಾಳಿಯ ವೇಗ ಅರ್ಧವಾದರೆ ಶಕ್ತಿ ಅರ್ಧವಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. 8 ಮೀಟರ್ ಗಾಳಿಗೆ 300 ವ್ಯಾಟ್ ಕೊಡುವ ಯಂತ್ರ 4 ಮೀಟರಿಗೆ 40 ಕೊಟ್ಟರೆ ಅದು ನ್ಯಾಯವಾಗಿಯೇ ಕೊಟ್ಟಿದೆ.

ಗಾಳಿ ಚೆನ್ನಾಗಿದ್ದೂ ಕಮ್ಮಿಯಾದರೆ ಸುತ್ತ ಏನು ಬೆಳೆದಿದೆ ನೋಡಿ. ನಾನು ಕಂಬ ನೆಟ್ಟಾಗ ಪಡುವಣಕ್ಕಿದ್ದ ತೇಗದ ಸಸಿಗಳು ನನ್ನ ಎದೆಯುದ್ದ ಇದ್ದವು. ಈಗ ಕಂಬದ ಮುಕ್ಕಾಲು ಎತ್ತರ. ರೆಕ್ಕೆ ಸುತ್ತಲಿನ ನೂರು ಮೀಟರ್ ಒಳಗಿರುವ ಯಾವುದೇ ಮರ, ಮನೆಗಿಂತ ಹತ್ತು ಮೀಟರ್ ಮೇಲಿರಬೇಕು ಅಂತ ಬಲ್ಲವರು ಹೇಳುತ್ತಾರೆ. ನಮ್ಮಲ್ಲಿ ಎಷ್ಟು ಮಂದಿ ಪಾಲಿಸುತ್ತೇವೋ ದೇವರೇ ಬಲ್ಲ.

ಉದ್ದ ತಂತಿಯೂ ತಿನ್ನುತ್ತದೆ. ಕಂಬದಿಂದ ಮನೆಗೆ 30 ಮೀಟರ್, 6 ಚದರ ಮಿಲಿಮೀಟರ್ ತಾಮ್ರದ ಕೇಬಲ್, ಅದರಲ್ಲಿ 20 ಆಂಪ್ಸ್ ಹೋಗುತ್ತಿದೆ ಅಂದುಕೊಳ್ಳಿ. ಹೋಗಿ ಬರುವ 60 ಮೀಟರಿನಲ್ಲಿ 3.7 ವೋಲ್ಟ್ ದಾರಿಯಲ್ಲೇ ಖರ್ಚು. 10 ಚದರ ಮಿಲಿಮೀಟರಿನದು ಹಾಕಿದರೆ ಅದು 2.2ಕ್ಕೆ ಇಳಿಯುತ್ತದೆ. ಜೋರು ಗಾಳಿಯಲ್ಲಿ ಜಾಯಿಂಟುಗಳನ್ನು ಹೊರಗಿನಿಂದ ಹುಷಾರಾಗಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅಲ್ಲೇ ಸೋರಿಕೆ.

ಗುರ್ ಅನ್ನುತ್ತದೆ, ಕಂಬ ನಡುಗುತ್ತದೆ

ಎರಡು ಬಗೆ ಇದೆ, ಕಿವಿ ಕೊಟ್ಟರೆ ತಿಳಿಯುತ್ತದೆ.

ಒಂದು, ಚಾರ್ಜ್ ಶುರುವಾದ ಕೂಡಲೇ ಕೇಳಿಸುವ ಗುರ್ ಸದ್ದು. ರಾತ್ರಿ ಕಂಬಕ್ಕೆ ಕಿವಿ ಹಚ್ಚಿದರೆ ದೂರದಲ್ಲಿ ಗಿರಣಿ ನಡೆದಂತೆ ಕೇಳುತ್ತದೆ. ಸಣ್ಣ ಗುನುಗು ಎಲ್ಲ ಯಂತ್ರಕ್ಕೂ ಸಹಜ. ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮೂರು ತಂತಿಯಲ್ಲಿ ಒಂದು ಕೆಲಸ ಮಾಡುತ್ತಿಲ್ಲ, ಇಲ್ಲವೇ ಒಂದು ಡಯೋಡ್ ತೆರೆದುಕೊಂಡಿದೆ, ಅಂದರೆ ಎರಡೂ ಕಡೆಯಿಂದ ಹಿಡಿದರೂ ಮೀಟರ್ ಏನೂ ತೋರಿಸದು. ಭಾರ ಸಮನಾಗಿ ಬೀಳದೆ ಜಗ್ಗಿ ಜಗ್ಗಿ ಬೀಳುತ್ತದೆ, ಅದೇ ಸದ್ದಾಗುತ್ತದೆ. ತಂತಿ ಕಡಿದಿದ್ದರೆ ಇನ್ನೊಂದು ಗುರುತು: ಬ್ರೇಕ್ ಹಾಕಿದರೂ ಪೂರಾ ನಿಲ್ಲದೆ ಕುಂಟುತ್ತಾ ಸುತ್ತುತ್ತದೆ. ಮೇಲೆ ಹೇಳಿದ ಮೂರು ತಂತಿ ಪರೀಕ್ಷೆ, ಡಯೋಡ್ ಪರೀಕ್ಷೆ ಮಾಡಿ. ಹೆಚ್ಚಾಗಿ ಕಂಬ ಇಳಿಸದೇ ಮುಗಿಯುತ್ತದೆ.

ಇನ್ನೊಂದು, ಚಾರ್ಜ್ ಇರಲಿ ಬಿಡಲಿ, ವೇಗ ಏರಿದಂತೆ ಇಡೀ ಕಂಬ ಓಲಾಡುವುದು. ಮೊದಲು ಕಂಬವನ್ನು ಎಳೆದು ಹಿಡಿದಿರುವ ಸ್ಟೇ ವೈರ್ ನೋಡಿ. ಒಮ್ಮೆ ನಮ್ಮ ಕಂಬ ಹೀಗೇ ಆಡಿತು. ರೆಕ್ಕೆ ಹೋಯಿತು ಅಂತ ಹೌಹಾರಿ ಓಡಿ ಬಂದರೆ, ಎಮ್ಮೆಯೊಂದು ಆ ವೈರ್ ಬಿಗಿಯುವ ತಿರುಪಾದ ಟರ್ನ್‌ಬಕಲ್‌ಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿಕೊಂಡು ಸುಖವಾಗಿ ಉಜ್ಜಿಕೊಳ್ಳುತ್ತಿತ್ತು. ದಿನಾ ಉಜ್ಜಿ ಉಜ್ಜಿ ಅರ್ಧದಷ್ಟು ತಿರುವು ಬಿಚ್ಚಿತ್ತು. ಈಗ ಎಲ್ಲಾ ಟರ್ನ್‌ಬಕಲ್‌ಗೂ ಒಂದು ತುಂಡು ತಂತಿ ಹಾಯಿಸಿ ಬಿಗಿದಿದ್ದೇನೆ, ಸುತ್ತ ಜಾಲಿ ಮುಳ್ಳೂ ಬಿದ್ದಿದೆ.

ಸ್ಟೇ ವೈರ್ ಬಿಗಿಯಾಗಿದ್ದೂ ಓಲಾಡಿದರೆ ರೆಕ್ಕೆ ಸಮತೂಕ ತಪ್ಪಿದೆ. ಬ್ರೇಕ್ ಹಾಕಿ, ಆ ದಿನವೇ ನಿಲ್ಲಿಸಿ. ನಾಳೆ ನೋಡೋಣ ಅನ್ನುವ ಕೆಲಸವಲ್ಲ ಇದು. 10 ಮೀಟರ್ ಗಾಳಿಯಲ್ಲಿ ರೆಕ್ಕೆಯ ತುದಿ ಗಂಟೆಗೆ 200 ಕಿಲೋಮೀಟರ್‌ಗಿಂತ ಜೋರಾಗಿ ಹೋಗುತ್ತಿರುತ್ತದೆ. ಕಿತ್ತು ಬಂದರೆ ಎಲ್ಲಿ ಬೀಳುತ್ತದೆ ಅಂತ ಹೇಳಲಾಗದು. ರೆಕ್ಕೆ ಸುತ್ತುವ ನೇರಕ್ಕೆ ಯಾರೂ ನಿಲ್ಲಬಾರದು.

ಕಂಬ ಇಳಿಸಿದ ಮೇಲೆ ಮೂರು ರೆಕ್ಕೆ ತುದಿಗಳ ನಡುವಿನ ಅಂತರ ಟೇಪಿನಿಂದ ಅಳೆಯಿರಿ, ಮೂರೂ ಒಂದೇ ಇರಬೇಕು. ಒಂದು ಗೂಟ ನೆಟ್ಟು, ಒಂದೊಂದು ತುದಿಯನ್ನೂ ಅದರ ಮುಂದೆ ತಂದು ನೋಡಿ. ಒಂದು ತುದಿ ಅರ್ಧ ಸೆಂಟಿಮೀಟರಿಗಿಂತ ಹಿಂದೆ ಮುಂದೆ ಇದ್ದರೆ ಬೋಲ್ಟ್ ಸಡಿಲವಾಗಿದೆ ಅಥವಾ ಮರ ಸೊಟ್ಟಗಾಗಿದೆ. ಮಳೆಗಾಲದಲ್ಲಿ ಮರ ನೀರು ಕುಡಿಯುವುದೂ ಉಂಟು. ಗಾಳಿ ಸೀಳುವ ಅಂಚಿನಲ್ಲಿ ಬಣ್ಣ ಎದ್ದಿದ್ದರೆ ನೀರು ಹೊಕ್ಕಿದ್ದು ಅಲ್ಲಿಂದಲೇ. ಪೂರಾ ಒಣಗಿಸಿ, ಉಜ್ಜಿ, ಬಣ್ಣ ಹಚ್ಚಿ, ಮತ್ತೆ ತೂಕ ಸರಿ ಮಾಡಿ. ಬಿರುಕು ಬುಡದ ಕಡೆ ಇದ್ದರೆ ಅಂಟು ಹಾಕಿ ಸಾಗಿಸಬೇಡಿ, ಹೊಸ ರೆಕ್ಕೆ ಕೆತ್ತಿ.

ಕರ್ ಕರ್ ಅಂತ ಉಜ್ಜುವ ಸದ್ದು

ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ "ಕರ್" ಅಂದರೆ ಮ್ಯಾಗ್ನೆಟ್ ಸ್ಟೇಟರಿಗೆ ತಾಕುತ್ತಿದೆ. ಎಡೆಬಿಡದೆ ಬಂದರೆ ಬೇರಿಂಗ್. ಎರಡಕ್ಕೂ ಕಂಬ ಇಳಿಸಲೇಬೇಕು.

ನಿಯೋಡೈಮಿಯಂ ಮ್ಯಾಗ್ನೆಟ್ ಮೇಲಿನ ಲೇಪ ಒಂದು ಚೂರು ಎದ್ದರೂ ಒಳಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದದ್ದು ಹಪ್ಪಳದ ಹಾಗೆ ಉಬ್ಬುತ್ತದೆ. ನಡುವಿನ ಸಂದು ಇರುವುದೇ ಒಂದೆರಡು ಮಿಲಿಮೀಟರ್, ಅಷ್ಟು ಉಬ್ಬಿದರೆ ಕಾಯಿಲ್ ತುರಿದುಹೋಗುತ್ತದೆ. ತಟ್ಟೆಗಳನ್ನು ಬರಿಗೈಯಲ್ಲಿ ಬೇರೆ ಮಾಡಲು ಹೋಗಬೇಡಿ. ಮೂರು ಉದ್ದನೆ ಥ್ರೆಡ್ ರಾಡ್ ಹಾಕಿ, ಸ್ವಲ್ಪ ಸ್ವಲ್ಪವೇ ಸಮನಾಗಿ ತಿರುಗಿಸಿ ಎತ್ತಬೇಕು. ಬೆರಳು ನಡುವೆ ಸಿಕ್ಕರೆ ಮೂಳೆ ಉಳಿಯುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರವೂ ಬರಬಾರದು.

ಸುಟ್ಟ ವಾಸನೆ, ಅಥವಾ ಜೋರು ಗಾಳಿಗೂ ಬಾಲ ಮಡಚದಿರುವುದು

ಇವೆರಡೂ ಜೋಡಿ. ಗಾಳಿ 10-12 ಮೀಟರ್ ದಾಟಿದರೆ ಬಾಲ ಮಡಚಿ, ರೆಕ್ಕೆ ಪಕ್ಕಕ್ಕೆ ಮುಖ ತಿರುಗಿಸಿಕೊಳ್ಳಬೇಕು. ಬಾಲದ ಕೀಲು ತುಕ್ಕು ಹಿಡಿದರೆ ಮಡಚುವುದಿಲ್ಲ. ಆಗ ಆಂಪ್ಸ್ ಮಿತಿ ಮೀರಿ, ಕಾಯಿಲ್ ಕಾದು, ರೆಸಿನ್ ಕಂದು ಬಣ್ಣಕ್ಕೆ ತಿರುಗುತ್ತದೆ. ಜೋರು ಗಾಳಿಯ ದಿನ ದೂರ ನಿಂತು ಹತ್ತು ನಿಮಿಷ ಬಾಲವನ್ನೇ ನೋಡಿ. ಒಂದು ಸಲವೂ ಅಲುಗದಿದ್ದರೆ, ಗಾಳಿ ತಗ್ಗಿದಾಗ ಇಳಿಸಿ ಕೀಲಿಗೆ ಗ್ರೀಸ್ ಹಾಕಿ. ಸಣ್ಣ ಗಾಳಿಗೇ ಮಡಚಿಕೊಂಡರೆ ಬಾಲ ಹಗುರವಾಯಿತು, ಸ್ವಲ್ಪ ತೂಕ ಸೇರಿಸಿ.

ಕಾಯಿಲ್ ಒಂದು ಸುಟ್ಟಿದ್ದರೆ ಮೂರೂ ತಂತಿ ಬಿಡಿಸಿದ್ದಾಗಲೂ ಕೈಯಲ್ಲಿ ತಿರುಗಿಸಿದರೆ ಜಗ್ಗಿದಂತಾಗುತ್ತದೆ. ರೆಸಿನ್‌ನಲ್ಲಿ ಹುದುಗಿದ ಒಂದೇ ಕಾಯಿಲನ್ನು ಕಿತ್ತು ಸರಿಮಾಡಲು ನಾನು ಒಮ್ಮೆ ನೋಡಿದೆ. ಪಕ್ಕದ ಎರಡೂ ಹಾಳಾದವು. ಹೊಸ ಸ್ಟೇಟರ್ ಎರಕ ಹೊಯ್ಯುವುದೇ ಸರಿ. ಬೋರ್‌ವೆಲ್ ಮೋಟಾರ್ ಕಟ್ಟುವ ರೀವೈಂಡಿಂಗ್ ಅಂಗಡಿಯವರಿಗೆ ತಂತಿಯ ಗೇಜ್, ಸುತ್ತಿನ ಲೆಕ್ಕ ಬರೆದು ಕೊಟ್ಟರೆ ಕಾಯಿಲ್ ನೀಟಾಗಿ ಸುತ್ತಿ ಕೊಡುತ್ತಾರೆ.

ರಾತ್ರಿ ಎಂಟಕ್ಕೇ ಇನ್ವರ್ಟರ್ ಕೂಗುತ್ತದೆ

ಇದಕ್ಕೆ ಫ್ಯಾನನ್ನು ಬೈಯಬೇಡಿ. ಚಾರ್ಜ್, ಲೋಡ್ ಎರಡೂ ಇಲ್ಲದೆ ನಾಲ್ಕೈದು ಗಂಟೆ ಬಿಟ್ಟು, ಒಂದೊಂದು ಬ್ಯಾಟರಿಯನ್ನೂ ಬೇರೆಯಾಗಿ ಅಳೆಯಿರಿ. ಅಷ್ಟು ಹೊತ್ತೂ ಫ್ಯಾನಿಗೆ ಬ್ರೇಕ್ ಇರಲಿ. ತುಂಬಿದ 12 ವೋಲ್ಟಿನ ಸೀಸದ ಬ್ಯಾಟರಿ 12.7 ವೋಲ್ಟ್ ಸುಮಾರು ತೋರಿಸುತ್ತದೆ. ಒಂದು 12.6, ಇನ್ನೊಂದು 11.9 ಇದ್ದರೆ ಕಳ್ಳ ಎರಡನೆಯದು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ಬ್ಯಾಟರಿಯ ಆರೂ ಕೋಣೆ ನೋಡಿ. ಒಂದು ಕೋಣೆ ಮಾತ್ರ ಉಳಿದವುಗಳಿಗಿಂತ ತೀರಾ ಕೆಳಗಿದ್ದರೆ ಆ ಬ್ಯಾಟರಿಯ ಕಾಲ ಮುಗಿಯಿತು. ನೀರು ಕಮ್ಮಿಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಲ್ಲಿ ನೀರು ಬೇಡ.

ಕಮ್ಮಿ ಬೆಲೆಗೆ ಸಿಕ್ಕಿತು ಅಂತ ಸೋಲಾರ್ ಕಂಟ್ರೋಲರನ್ನು ಫ್ಯಾನಿಗೆ ಹಾಕಿದ್ದರೆ ಇವತ್ತೇ ತೆಗೆಯಿರಿ. ಬ್ಯಾಟರಿ ತುಂಬಿದ ಕೂಡಲೇ ಅದು ಸಂಪರ್ಕ ಕಡಿಯುತ್ತದೆ. ಸೋಲಾರ್ ಪ್ಯಾನಲ್ ಸುಮ್ಮನಿರುತ್ತದೆ, ಫ್ಯಾನು ಇರುವುದಿಲ್ಲ. ಹೆಚ್ಚಾದ ಕರೆಂಟನ್ನು ಹೀಟರ್ ಕಾಯಿಲ್‌ಗೆ ತಿರುಗಿಸುವ ಕಂಟ್ರೋಲರ್ ಬೇಕು. ಬ್ಯಾಟರಿ 29 ವೋಲ್ಟ್ ದಾಟಿದರೂ ಆ ಕಾಯಿಲ್ ತಣ್ಣಗಿದ್ದರೆ ಕಂಟ್ರೋಲರ್ ಕೈಕೊಟ್ಟಿದೆ. ಅದು ಸರಿಯಾಗುವವರೆಗೆ ಫ್ಯಾನಿಗೆ ಬ್ರೇಕ್.

ಇನ್ನು ಇನ್ವರ್ಟರಿನಿಂದ ಮನೆ ವೈರಿಂಗ್‌ಗೆ ಹೋಗುವ ಕಡೆ ತಕರಾರಿದ್ದರೆ ನೀವು ಅಲ್ಲಿಗೇ ನಿಲ್ಲಿ, ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಕರೆಸಿ. ಒಮ್ಮೆಗೆ ಒಂದನ್ನೇ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಇನ್ವರ್ಟರ್, ಲೈನ್ ಕರೆಂಟ್ ಎರಡನ್ನೂ ಒಂದೇ ವೈರಿಂಗಿಗೆ ಸೇರಿಸಿದ್ದರೆ, ಕರೆಂಟ್ ಹೋದಾಗ ನಿಮ್ಮ ಮನೆಯ 230 ವೋಲ್ಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ತಲುಪುತ್ತದೆ, ಅಲ್ಲಿಂದ ಸಾವಿರಗಟ್ಟಲೆ ವೋಲ್ಟ್ ಆಗಿ ಮೇಲಿನ ಲೈನಿಗೆ ಏರುತ್ತದೆ. ಲೈನ್ ಸತ್ತಿದೆ ಅಂದುಕೊಂಡು ಲೈನ್‌ಮನ್ ಅದೇ ಹೊತ್ತಿಗೆ ಕಂಬ ಹತ್ತಿರುತ್ತಾನೆ.